ಶಾಲು ಹೆಣೆದವಳು

ಬನವಾಸಿ
೨೯ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಶಿಲ್ಪಾ,

ನೀನು ಮಗುವನ್ನು ಕರೆದುಕೊಂಡು ಹಾವೇರಿಗೆ ಸುಖವಾಗಿ ಮುಟ್ಟಿದೆ ಎಂದು ನಿನ್ನವ್ವ ಹೇಳಿದಳು. ಕೇಳಿ ಸಮಾಧಾನವಾಯಿತು. ಶರಣ ಮಗ್ಗುಲಾಗಲು ನೋಡುತ್ತಾನಂತೆ, ಹಾಸಿಗೆಯ ಎರಡೂ ಬದಿಗೆ ದಿಂಬು ಇಡುವುದನ್ನು ಮರೆಯಬೇಡ. ನಾವಿಬ್ಬರೂ ಆರಾಮಾಗಿದ್ದೇವೆ. ನಿನ್ನ ಕಾಕಾ ಎಂದಿನಂತೆ ಎಂಟಕ್ಕೆ ಅಂಗಡಿ ಬಾಗಿಲು ತೆಗೆಯುತ್ತಾರೆ, ಮಧ್ಯಾಹ್ನ ಊಟಕ್ಕೆ ಬಂದು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ.

ಈ ಕಾಲದಲ್ಲಿ ಚಿಗವ್ವ ಕಾಗದ ಬರೆದಿದ್ದಾಳಲ್ಲ ಎಂದು ನಿನಗೆ ಗಾಬರಿಯಾಗಬಹುದು. ಯಾರಿಗೂ ಏನೂ ಆಗಿಲ್ಲ. ಎರಡು ತಿಂಗಳಿಂದ ನಾನು ನಿನ್ನ ಫೋನು ಎತ್ತಿಲ್ಲ. ಪ್ರತಿ ಸಲ ಎತ್ತಿದ್ದು ನಿನ್ನ ಕಾಕಾ, ನಾನು ಪಕ್ಕದಲ್ಲೇ ನಿಂತು ಇಲ್ಲ ಎನ್ನಿ ಎಂದು ಕೈಯಾಡಿಸುತ್ತಿದ್ದೆ. ನೀನು ಹಾವೇರಿಗೆ ಹೊರಟ ದಿನವೂ ದಾಸನಕೊಪ್ಪಕ್ಕೆ, ನಿನ್ನವ್ವನ ಮನೆಗೆ, ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿಕಳಿಸಿದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. "ಚಿಗವ್ವ ಯಾಕ ಸಿಟ್ಟಾಗ್ಯಾಳ? ನಾ ಏನರ ಅಂದೆನೇನು?" ಎಂದು ನೀನು ಅವ್ವನ ಮುಂದೆ ಕಣ್ಣೀರು ಹಾಕಿದೆಯಂತೆ. ಅದನ್ನು ಕೇಳಿದ ಮೇಲೆ ಇನ್ನು ತಡಮಾಡಿದರೆ ನಾನು ಮನುಷ್ಯಳಲ್ಲ ಎನಿಸಿತು.

ತೊಟ್ಟಿಲ ಕಾರ್ಯವಾದ ಮೇಲೆ ನೀನು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಮಗುವನ್ನು ಆ ಶಾಲಿನಲ್ಲಿ ಸುತ್ತಿ ತೋರಿಸುತ್ತಿದ್ದೆ. "ನೋಡ ಚಿಗವ್ವ, ನಿನ್ನ ಶಾಲು ಹೊಚ್ಚಿದ್ರನ ನಿದ್ದಿ ಇವಂಗ" ಎನ್ನುತ್ತಿದ್ದೆ. ಅದನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ. ಆ ಶಾಲು ನಾನು ಮಾಡಿದ್ದಲ್ಲ, ಶಿಲ್ಪಾ.

ಮೊದಲಿಂದ ಹೇಳುತ್ತೇನೆ.

ಮೇ ತಿಂಗಳಲ್ಲಿ ನಿನಗೆ ಐದು ತಿಂಗಳು ತುಂಬಿತ್ತು. ಹಿಂದೆ ಎರಡು ಸಲ ಆದದ್ದು ಮನಸ್ಸಿನಲ್ಲಿದ್ದುದರಿಂದ ನೀನು ಮಗುವಿಗೆಂದು ಒಂದು ಕುಲಾವಿಯನ್ನೂ ತರಿಸಿರಲಿಲ್ಲ. ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರು. ಹಾಗೆ ಮಲಗಿದ್ದವಳು ಒಂದು ದಿನ ಫೋನಿನಲ್ಲಿ ಆ ಶಾಲಿನ ಚಿತ್ರ ಕಳಿಸಿದೆ. ನಡುವೆ ಸೂರ್ಯಕಾಂತಿಯಂಥ ದುಂಡು, ಅದರ ಸುತ್ತ ಎಲೆಗಳು, ಹೊರಗೆ ಬರುತ್ತ ಬರುತ್ತ ಚೌಕ. ಅದರ ಜೊತೆಗೆ ಹೇಗೆ ಹೆಣೆಯಬೇಕು ಎನ್ನುವ ಇಂಗ್ಲಿಷ್ ಬರಹ ನಾಲ್ಕು ಪುಟ. "ಚಿಗವ್ವ, ಇದೊಂದು ಮಾಡಿಕೊಡು. ಬ್ಯಾರೆ ಏನೂ ಕೇಳಂಗಿಲ್ಲ" ಎಂದೆ. ಮಗು ಬಂದೇ ಬರುತ್ತದೆ ಎಂದು ನೀನು ಮೊದಲ ಸಲ ನಂಬಿ ಆಡಿದ ಮಾತು ಅದು. "ಅದೇನು ದೊಡ್ಡ ಮಾತು? ತಿಂಗಳೊಪ್ಪತ್ತಿನಾಗ ಮುಗಸ್ತೀನಿ" ಎಂದುಬಿಟ್ಟೆ.

ಮೂವತ್ತು ವರ್ಷ ಸಾಲೆಯಲ್ಲಿ ಹೊಲಿಗೆ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೂ ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಎಂಟು ಜನ ಹೆಂಗಸರು ಕ್ರೋಷಾ ಕಲಿಯಲು ಕೂರುತ್ತಾರೆ. ಅವರಿಗೆ ನಾನು ಮೊದಲ ದಿನವೇ ಹೇಳುವ ಒಂದು ಮಾತಿದೆ: ಯಾವುದೇ ಹೆಣಿಗೆ ಮೂರು ಸಲ ಬಿಚ್ಚಿದ ಮೇಲೂ ಕೂಡದಿದ್ದರೆ ಅದನ್ನು ಬಿಡಿ, ಬೇರೆ ಹಿಡಿಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಹೇಳುವಾಗ ದೊಡ್ಡ ತಿಳಿದವಳ ಹಾಗೆ ನಗುತ್ತಿದ್ದೆ.

ಆ ಶಾಲನ್ನು ನಾನು ಏಳು ಸಲ ಬಿಚ್ಚಿದೆ.

ಐದನೆಯ ಸುತ್ತಿನ ತನಕ ಏನೂ ಗೊತ್ತಾಗುತ್ತಿರಲಿಲ್ಲ. ಆರು, ಏಳಕ್ಕೆ ಬಂದಾಗ ಅಂಚು ಅಲೆ ಏಳುತ್ತಿತ್ತು. ಒಂಬತ್ತಕ್ಕೆ ಬರುವಷ್ಟರಲ್ಲಿ ಹೂಕೋಸಿನ ಹಾಗೆ ಮುದುಡಿಕೊಂಡು ನೆಲಕ್ಕೆ ಹಾಸಿದರೆ ಕೂರುತ್ತಲೇ ಇರಲಿಲ್ಲ. ಎಣಿಕೆ ತಪ್ಪಿರಬೇಕೆಂದು ಬಿಚ್ಚಿದೆ. ಕೈ ಬಿಗಿಯಾಯಿತೆಂದು ಬಿಚ್ಚಿದೆ. ಸೂಜಿ ಬದಲಿಸಿ ನೋಡಿದೆ. ಬರಹವನ್ನು ಕಾಗದಕ್ಕಿಳಿಸಿಕೊಂಡು, ಪ್ರತಿ ಸಾಲಿನ ಮುಂದೆ ಪೆನ್ಸಿಲಿನಿಂದ ಗುರುತು ಹಾಕುತ್ತ ಕಂಬಗಳನ್ನು, ಅಂದರೆ ಸೂಜಿಯಿಂದ ಎತ್ತಿ ನಿಲ್ಲಿಸುವ ಒಂದೊಂದು ಹೆಣಿಕೆಯನ್ನು, ಎಣಿಸಿದೆ. ಎಣಿಕೆ ಬರೆದದ್ದಕ್ಕೆ ಸರಿಯಾಗಿಯೇ ಇತ್ತು, ಹೆಣಿಗೆ ಮಾತ್ರ ಮುದುಡುತ್ತಿತ್ತು. ಬಿಚ್ಚಿ ಬಿಚ್ಚಿ ಉಲ್ಲನ್ ನಾರು ಎದ್ದು ಬೆಕ್ಕಿನ ಕೂದಲಿನಂತಾಯಿತು.

"ಏ, ಬಿಡ ಅದನ್ನ. ಮತ್ತೊಂದು ಚಲೋ ನಮೂನಿ ಹಾಕು. ಹುಡುಗಿ ಏನು ಬ್ಯಾಡಂತಾಳೇನು?" ಎಂದರು ನಿನ್ನ ಕಾಕಾ.

ಅಂದೇ ನಿನಗೆ ಫೋನು ಮಾಡಿ "ಶಿಲ್ಪಾ, ಇದು ನನ್ನ ಕೈಲಿ ಆಗವಲ್ದು" ಎಂದಿದ್ದರೆ ನೀನು "ಹೋಗ್ಲಿ ಬಿಡ ಚಿಗವ್ವ" ಎನ್ನುತ್ತಿದ್ದೆ. ನನಗದು ಗೊತ್ತಿತ್ತು. ಆದರೆ ನೀನು ಆಗಲೇ ನಿನ್ನ ಅತ್ತೆ ಸಾವಿತ್ರವ್ವನವರಿಗೆ ಹೇಳಿಯಾಗಿತ್ತು. ಅವರು ಕಸೂತಿಯಲ್ಲಿ ಹೆಸರಾದವರು, ಅವರ ಕೈಯ ಸೀರೆ ಧಾರವಾಡದಲ್ಲಿ ಪ್ರದರ್ಶನಕ್ಕೆ ಹೋಗುತ್ತದೆ. ಅಂಥವರ ಮುಂದೆ "ನಮ್ಮ ಚಿಗವ್ವಗ ಬರಲಾರದ್ದು ಯಾವುದೂ ಇಲ್ಲ" ಎಂದು ನೀನು ಹೊಗಳಿಟ್ಟಿದ್ದೆ. ಹಾಗಾಗಿ ನೀನು ಎಲ್ಲಿಗೆ ಬಂತು ಎಂದು ಕೇಳಿದಾಗಲೆಲ್ಲ "ಅರ್ಧ ಆತು", "ಮುಕ್ಕಾಲು ಆತು" ಎಂದೆ. ಆಗ ನನ್ನ ಬುಟ್ಟಿಯಲ್ಲಿ ಒಂದು ಸುತ್ತೂ ಇರಲಿಲ್ಲ.

ಇನ್ನು ದುರ್ಗಿಯ ಮಾತು. ತೊಟ್ಟಿಲ ಕಾರ್ಯಕ್ಕೆ ನನ್ನ ಜೊತೆ ಬಂದಿದ್ದಳಲ್ಲ, ಹಸಿರು ಸೀರೆಯವಳು, ಅವಳೇ. ಊರಾಚೆ ಕೆರೆಯ ಕಡೆ ಅವರ ಗದ್ದೆ, ಮನೆ. ಗಂಡ ಕೆರಿಯಪ್ಪ. ಚೇತನಾ ಎಂಬ ಒಬ್ಬಳೇ ಮಗಳನ್ನು ಸಿದ್ದಾಪುರದ ಕಡೆ ಕೊಟ್ಟಿದ್ದಾರೆ. ದುರ್ಗಿ ನನ್ನ ಪಡಸಾಲೆಗೆ ಬರಲು ಶುರುಮಾಡಿ ಎರಡು ವರ್ಷ. ಗದ್ದೆಯಿಂದ ನೇರ ಬರುತ್ತಿದ್ದಳು, ಬಂದವಳು ಬಚ್ಚಲಲ್ಲಿ ಮೊಣಕೈ ತನಕ ತಿಕ್ಕಿ ತೊಳೆದೇ ದಾರ ಮುಟ್ಟುತ್ತಿದ್ದಳು. ಹೇಳಿದ್ದನ್ನು ಬರೆದುಕೊಳ್ಳಲು ಅವಳಿಗೆ ಬಾರದು. ಅದಕ್ಕಾಗಿ ಅವಳು ಹಿಂದುಳಿಯುತ್ತಾಳೆ ಎಂದು ನಾನು ಎಣಿಸಿ, ಉಳಿದವರಿಗೆ ಹೇಳಿಕೊಟ್ಟಾದ ಮೇಲೆ ಸಮಯವಿದ್ದರೆ ಅವಳ ಕಡೆ ತಿರುಗುತ್ತಿದ್ದೆ.

ಆಗಸ್ಟಿನ ಒಂದು ಶುಕ್ರವಾರ, ಎಲ್ಲರೂ ಹೋದ ಮೇಲೆ ಏಳನೆಯ ಸಲ ಬಿಚ್ಚುತ್ತ ಕೂತಿದ್ದೆ. ಸಿಟ್ಟು ಬಂದು ಉಲ್ಲನ್ನನ್ನು ಬುಟ್ಟಿಗೆ ಒಗೆದೆ. ದುರ್ಗಿ ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು.

"ಅಕ್ಕೋರೆ, ಒಂದ್ಸಲ ಆ ಚಿತ್ರ ನಾ ನೋಡ್ಲಾ? ಮುಟ್ಟಾದಿಲ್ಲ, ಸುಮ್ನೆ ನೋಡಾಕೆ."

ಫೋನು ಕೊಟ್ಟೆ. ಅವಳು ಬರಹದ ಪುಟ ತೆರೆಯಲೇ ಇಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಬೆರಳು ಅಡ್ಡ ಇಟ್ಟುಕೊಂಡು, ತುಂಬ ಹೊತ್ತು ನೋಡಿದಳು. ನನ್ನ ಹತ್ತಿರ ಒಂದಿಷ್ಟು ಉಲ್ಲನ್ ಕೇಳಿ ತೆಗೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುವಾಗಲೇ ಬಂದು ಅಂಗೈ ತೆರೆದು ತೋರಿಸಿದಳು. ಆರು ಸುತ್ತು. ತಟ್ಟೆಯ ಹಾಗೆ ಸಪಾಟು. ಚಿತ್ರದಲ್ಲಿದ್ದದ್ದೇ.

"ನೀವು ಗಿಡ್ಡ ಕಂಬ ಹಾಕ್ತಿದ್ರಿ ಅಕ್ಕೋರೆ. ಚಿತ್ರದಾಗೆ ಉದ್ದ ಕಂಬ ಅದೆ. ಅಷ್ಟೇಯ."

ಅವಳ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ಕೊಂಕೂ ಇರಲಿಲ್ಲ. ಅಂಗಳದಲ್ಲಿ ಬಿದ್ದ ನನ್ನದೇ ಸಾಮಾನು ಎತ್ತಿಕೊಡುವವಳಂತೆ ಹೇಳಿದಳು. ನನಗೆ ಖುಷಿಯಾಗಬೇಕಿತ್ತು. ಶಿಲ್ಪಾ, ನಿನ್ನೆದುರು ಸುಳ್ಳು ಹೇಳುವುದಿಲ್ಲ, ನನಗೆ ಮೈ ಉರಿಯಿತು. "ಬರೆದದ್ದು ಹಂಗಿಲ್ಲ" ಎಂದೆ. "ಶುರುವಿನಾಗ ಎಲ್ಲಾರ್ದೂ ಬರ್ತದ, ಮುಂದ ಹೋದ್ರ ಗೊತ್ತಾಕ್ಕತಿ" ಎಂದೆ. ಒಳಗೆ ಹೋಗಿ ನೀರು ಕುಡಿದು ಬಂದು, "ನನಗ ಕಣ್ಣು ನೋಯ್ತಾವ, ನೀನ ಒಂದೀಟು ಮುಂದುವರಿಸು, ಆಮ್ಯಾಲೆ ನಾ ಹಿಡೀತೀನಿ" ಎಂದು ಉಲ್ಲನ್ನಿನ ಚೀಲ ಅವಳ ಕೈಗೆ ಕೊಟ್ಟೆ. ನನಗೆ ಕಣ್ಣು ನೋವಿರಲಿಲ್ಲ.

ನಾಟಿ ಮುಗಿದು ಕಳೆ ತೆಗೆಯುವ ನಡುವಿನ ದಿನಗಳು. ಅವಳು ಗದ್ದೆಯ ಬದುವಿನ ಮೇಲೆ ಕೂತು, ಎಮ್ಮೆ ಮೇಯಿಸುತ್ತ, ಇಪ್ಪತ್ತು ದಿನದಲ್ಲಿ ಮುಗಿಸಿದಳು. ನಾನು ಮುಂದೆ ಹಿಡಿಯುವ ಪ್ರಸಂಗವೇ ಬರಲಿಲ್ಲ. ಅದರಲ್ಲಿ ನನ್ನ ಕೈಯ ಒಂದು ಗಂಟೂ ಇಲ್ಲ. ತೊಳೆದು, ಎಳೆದು, ನೆರಳಲ್ಲಿ ಒಣಗಿಸಿದ್ದು ಮಾತ್ರ ನಾನು.

ಅದನ್ನು ಮಡಚಿ ಪೆಟ್ಟಿಗೆಗೆ ಹಾಕುವಾಗ ನಿನ್ನ ಕಾಕಾ ಕೇಳಿದರು, "ಶಿಲ್ಪಾಗ ಯಾರು ಮಾಡಿದ್ದಂತ ಹೇಳ್ತಿ?"

"ಕೇಳಿದ್ರ ಹೇಳ್ತೀನಿ" ಎಂದೆ.

ಯಾರೂ ಕೇಳಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ, ಚಿಗವ್ವ ಮಾಡಿದ್ದು ಎಂದು.

ದುರ್ಗಿ ತೊಟ್ಟಿಲ ಕಾರ್ಯಕ್ಕೆ ಬಂದದ್ದು ಊಟಕ್ಕಲ್ಲ. "ಮಗೀನ್ನ ಆ ಶಾಲಿನಾಗೆ ಒಂದ್ಸಲ ನೋಡ್ಬೇಕು ಅಕ್ಕೋರೆ" ಎಂದಳು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ದಾಸನಕೊಪ್ಪದ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಯಾರಿಗೂ ಏನೂ ಹೇಳಬೇಡ ಎಂದು ನಾನು ಅವಳಿಗೆ ಹೇಳಲಿಲ್ಲ. ಹೇಳುವ ಅಗತ್ಯವಿಲ್ಲ ಎಂದು ನನಗೆ ಗೊತ್ತಿತ್ತು, ಅದನ್ನೇ ನಂಬಿ ಹೊರಟಿದ್ದೆ. ಇವತ್ತಿಗೂ ಇದನ್ನು ನೆನೆದರೆ ತಲೆ ತಗ್ಗಿಸುತ್ತೇನೆ.

ಮುಂದಿನದು ನಿನ್ನೆದುರೇ ನಡೆಯಿತು, ನಿನಗೆ ಮರೆತಿರಬಹುದು. ತೊಟ್ಟಿಲು ತೂಗಿ, ಹೆಸರು ಕರೆದಾದ ಮೇಲೆ ಸಾವಿತ್ರವ್ವನವರು ಶಾಲನ್ನು ಕೈಗೆತ್ತಿಕೊಂಡರು. ಎಲ್ಲರೂ ಮುಂದಿನ ಮೈ ನೋಡಿದರೆ ಅವರು ಮೊದಲು ಹಿಂದಿನ ಮೈ ತಿರುಗಿಸಿ ನೋಡಿದರು. ಕೆಲಸ ಗೊತ್ತಿದ್ದವರು ನೋಡುವುದೇ ಹಾಗೆ. ಕನ್ನಡಕ ಏರಿಸಿಕೊಂಡು ಕೇಳಿದರು:

"ಭಾಳ ಚಂದ ಆಗೇತ್ರಿ ಗಂಗಾಂಬಿಕಾ. ದುಂಡು ಇದ್ದದ್ದನ್ನ ಚೌಕಕ್ಕ ಹೆಂಗ ತಿರುವಿದ್ರಿ? ಒಂದು ಸುಕ್ಕೂ ಇಲ್ಲಲ್ರೀ."

ನನಗೆ ಗೊತ್ತಿರಲಿಲ್ಲ. ಅಷ್ಟು ದೂರ ನಾನು ಒಮ್ಮೆಯೂ ಹೋಗಿರಲಿಲ್ಲ. "ಅದ... ಹಂಗ ಎಣಿಕಿ ಹಿಡಕೊಂಡು..." ಎಂದು ತೊದಲಿದೆ. ಅವರು ಕಾಯುತ್ತಿದ್ದರು. ಆಗ ಬಾಗಿಲ ಹತ್ತಿರ ನಿಂತಿದ್ದ ದುರ್ಗಿ, ನನ್ನನ್ನು ಉಳಿಸಬೇಕೆಂದೇ ಇರಬೇಕು, ಹೇಳಿದಳು:

"ನಾಕು ಮೂಲ್ಯಾಗೆ ಉದ್ದ ಕಂಬ, ನಡುವಾಗೆ ಗಿಡ್ಡ ಕಂಬ ಹಾಕ್ತಾ ಬಂದ್ರೆ ತಾನೇ ಚೌಕ ಆಗ್ತದ್ರಿ ಅಮ್ಮ."

ಸಾವಿತ್ರವ್ವನವರು ಆಶ್ಚರ್ಯದಿಂದ ಅವಳ ಕಡೆ ತಿರುಗಿದರು. "ಈಕಿಗೂ ಬರ್ತದೇನ್ರಿ?"

ನಾನು ಅಂದೆ, "ನನ್ನ ಕಡೆ ಕಲಿಯಾಕ ಬರ್ತಾಳ್ರಿ. ನಾ ಹೇಳಿದ್ದು ಕೇಳಿ ಕೇಳಿ ಗಿಳಿ ಹಂಗ ಒಪ್ಪಿಸ್ತಾಳ. ಹಾಕು ಅಂದ್ರ ಬರಂಗಿಲ್ಲ."

ಎಲ್ಲರೂ ನಕ್ಕರು. ನೀನೂ ನಕ್ಕೆ. ನಿನ್ನದೇನೂ ತಪ್ಪಿಲ್ಲ, ನಿನಗೆ ತಿಳಿದಿರಲಿಲ್ಲ. ದುರ್ಗಿಯೂ ನಕ್ಕಳು. "ಹೌದ್ರಿ ಅಮ್ಮ, ನಂಗೆಂತ ಬರ್ತದೆ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗಿಳಿ ಎಂದದ್ದರಲ್ಲೇ ನಿಲ್ಲಿಸಬಹುದಿತ್ತು. ಹಾಕಲು ಬರುವುದಿಲ್ಲ ಎಂಬ ಕೊನೆಯ ಮಾತನ್ನು ಯಾರೂ ನನ್ನ ಬಾಯಿಂದ ಹೊರಡಿಸಲಿಲ್ಲ. ನಾನೇ ಸೇರಿಸಿದೆ.

ಬರುವಾಗ ಬಸ್ಸಿನಲ್ಲಿ ಅವಳು ಮಗುವಿನ ಮೂಗು ನಿನ್ನ ಹಾಗೆಯೇ ಇದೆ ಎಂದು ಹೇಳಿದಳು. ಬನವಾಸಿಯಲ್ಲಿ ಇಳಿದು "ಬರ್ತೀನಿ ಅಕ್ಕೋರೆ" ಎಂದು ಹೋದಳು. ಮಂಗಳವಾರ ಬರಲಿಲ್ಲ. ಶುಕ್ರವಾರವೂ ಇಲ್ಲ.

"ದುರ್ಗಿ ಯಾಕ ಬರವಲ್ಲಳು?" ಎಂದು ಊಟಕ್ಕೆ ಕೂತಾಗ ನಿನ್ನ ಕಾಕಾ ಕೇಳಿದರು.

"ಕೊಯ್ಲು ಇರಬೇಕು."

"ಕೊಯ್ಲಿಗೆ ಇನ್ನೂ ತಿಂಗಳೈತಿ" ಎಂದು ಅವರು ಮಜ್ಜಿಗೆ ಸುರುವಿಕೊಂಡರು.

ನವೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಆ ನಾಲ್ಕು ಪುಟಗಳನ್ನು ಮತ್ತೆ ತೆಗೆದೆ. ನಾನು ಪ್ರತಿ ಸಲವೂ "ಮೊದಲ ಸುತ್ತು" ಎಂಬಲ್ಲಿಂದಲೇ ಓದುತ್ತಿದ್ದೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು, ಇದರಲ್ಲಿರುವುದು ಅಮೆರಿಕದ ಹೆಸರುಗಳು ಎಂದು. ನಾನು ಕಲಿತದ್ದೂ ಕಲಿಸಿದ್ದೂ ಇಂಗ್ಲೆಂಡಿನ ಹಳೆಯ ಪುಸ್ತಕದ ಹೆಸರುಗಳು. ಒಂದೇ ಹೆಸರಿಗೆ ಅಲ್ಲಿ ಉದ್ದ ಕಂಬ, ಇಲ್ಲಿ ಗಿಡ್ಡ ಕಂಬ. ಅಷ್ಟೇ ತಪ್ಪು. ಓದಲು ಬರುವ ನಾನು ಓದಿ ಕೆಟ್ಟೆ, ದುರ್ಗಿ ಕಣ್ಣಿಂದ ನೋಡಿ ಗೆದ್ದಳು. ಮನೆಯಲ್ಲಿದ್ದ ಬಿಳಿ ದಾರದಿಂದ ಕೂತು ಹೆಣೆದೆ. ಒಂಬತ್ತು ಸುತ್ತು ಸರಾಗವಾಗಿ ಬಂತು, ಎಲ್ಲೂ ಅಲೆ ಏಳಲಿಲ್ಲ. ನನಗೆ ಏನೂ ಅನಿಸಲಿಲ್ಲ. ಸೂಜಿ ಹೊರಗೆಳೆದು ಇಟ್ಟುಬಿಟ್ಟೆ. ಬಾರದಿದ್ದಾಗ ಬಿಡಲಾರದೆ ಒದ್ದಾಡಿದವಳು ಬಂದ ದಿನ ಬಿಟ್ಟೆ.

ಕಳೆದ ವಾರ ದುರ್ಗಿಯ ಮನೆಗೆ ಹೋದೆ. ಕೆರಿಯಪ್ಪ ಅಂಗಳದಲ್ಲಿ ಹುಲ್ಲು ಒಟ್ಟುತ್ತಿದ್ದ. "ಅಕ್ಕೋರು ಬಂದಾರೆ" ಎಂದು ಒಳಗೆ ಕೂಗಿ ನನಗೆ ಕುರ್ಚಿ ತಂದಿಟ್ಟು ಹೊರಗೆ ಹೋದ. ದುರ್ಗಿ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ಎದ್ದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತು ಒಂದೂ ನೆನಪಾಗಲಿಲ್ಲ. "ಅವತ್ತು ನಾ ಆಡಿದ್ದು ತಪ್ಪಾತು ದುರ್ಗಿ" ಎಂದಷ್ಟೇ ಹೇಳಿದೆ.

"ಅಯ್ಯ, ಅದೆಲ್ಲ ಈಗ್ಯಾಕೆ ಅಕ್ಕೋರೆ. ಮಗೀಗೆ ಬೆಚ್ಚಗಾದ್ರೆ ಸಾಕು, ಯಾರ ಕೈದು ಅಂತ ಅದು ಕೇಳ್ತದಾ?"

"ಶಿಲ್ಪಾಗ ಬರದು ತಿಳಸ್ತೀನಿ. ಆಕಿ ಅತ್ತಿಗೂ ಹೇಳ್ತೀನಿ."

"ಬ್ಯಾಡ್ರಿ. ಬೀಗರ ಮುಂದೆ ನಿಮ್ಮ ಮರ್ಯಾದಿ ಹೋಗ್ತದೆ" ಎಂದು ಅವಳು ನಿಜವಾಗಿಯೂ ಕಳವಳಪಟ್ಟಳು. ಆ ಕಳವಳ ನೋಡಿ ನನಗೆ ಕೂತಲ್ಲೇ ಭೂಮಿ ಬಿರಿಯಬಾರದೇ ಎನಿಸಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮಂಗಳವಾರ ಬಾ. ನನ್ನ ಜಾಗದಾಗ ಕುಂತು ನೀನ ಹೇಳಿಕೊಡು. ನಾನೂ ಕಲೀತೀನಿ."

ಅವಳು ಚಹಾದ ಲೋಟ ನನ್ನ ಕೈಗಿಟ್ಟಳು. "ನೋಡಾಣ ಅಕ್ಕೋರೆ. ಕೆಲ್ಸ ಬಾಳ ಅದೆ." ನನ್ನ ಮುಖ ನೋಡಲಿಲ್ಲ.

ಇದನ್ನು ಓದಿದ ಮೇಲೆ ನಿನ್ನ ಅತ್ತೆಯವರಿಗೆ ಹೇಳು, ಇಲ್ಲವೆ ಈ ಕಾಗದವನ್ನೇ ಅವರ ಕೈಗೆ ಕೊಡು. ಅವರು ಏನೆಂದರೂ ಅದು ನನಗೆ ಸಲ್ಲಬೇಕಾದದ್ದೇ. ಶಾಲು ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ ದುರ್ಗಿ ಎನ್ನು. ಬನವಾಸಿಯ ಕೆರಿಯಪ್ಪನ ಹೆಂಡತಿ ದುರ್ಗಿ. ಕೇಳದಿದ್ದರೂ ಹೇಳು, ಏಕೆಂದರೆ ಕೇಳಿದರೆ ಹೇಳುತ್ತೇನೆ ಎಂದು ಕೂತು ನಾನು ಇಲ್ಲಿಗೆ ಬಂದಿದ್ದೇನೆ. ನಿನಗೆ ಸಿಟ್ಟು ಬಂದರೆ ಬರಲಿ. ಇಳಿದ ಮೇಲೆ ಫೋನು ಮಾಡು, ಈ ಸಲ ನಾನೇ ಎತ್ತುತ್ತೇನೆ.

ಶರಣನ ಹಣೆಗೆ ನನ್ನದೊಂದು ಮುತ್ತು. ಅವನು ಎತ್ತರವಾಗಿ, ಗಟ್ಟಿಯಾಗಿ, ಮನಸ್ಸಿನಲ್ಲಿದ್ದದ್ದನ್ನು ಹೊತ್ತಿಗೆ ಸರಿಯಾಗಿ ಹೇಳುವವನಾಗಿ ಬೆಳೆಯಲಿ. ನಿನ್ನ ಸಂಸಾರ ತಣ್ಣಗಿರಲಿ, ತಾಯಿ.

ನಿನ್ನ ಚಿಗವ್ವ
ಗಂಗಾಂಬಿಕಾ

ತಾ.ಕ.: ಒಂದು ಸಂಗತಿ ಬಿಟ್ಟಿದ್ದೇನೆ. ಬಿಟ್ಟೇ ಕಳಿಸೋಣವೆಂದು ಲಕೋಟೆಗೆ ಹಾಕಿದವಳು ಮತ್ತೆ ತೆಗೆದಿದ್ದೇನೆ. ದುರ್ಗಿಯ ಮನೆಯಿಂದ ಹೊರಡುವಾಗ ಅವರ ಹಿತ್ತಲಿನ ದಾರಿಯಲ್ಲಿ ಬಂದೆ. ಅವರೆ ಬಳ್ಳಿಯನ್ನು ಕೋಲಿಗೆ ಹಬ್ಬಿಸಿದ್ದರು. ಅಲ್ಲಲ್ಲಿ ಕಟ್ಟಿದ್ದು ಉಲ್ಲನ್ನಿನಿಂದ, ನಿನ್ನ ಶಾಲಿನದೇ ಬಣ್ಣದ್ದು. ಬಿಚ್ಚಿದ ಉಲ್ಲನ್ ನೋಡಿದರೆ ಗೊತ್ತಾಗುತ್ತದೆ ಶಿಲ್ಪಾ, ಹೆಣೆದ ಸೊಟ್ಟ ಅದರಿಂದ ಹೋಗುವುದಿಲ್ಲ. ನಾನು ನಿಂತದ್ದು ನೋಡಿ ಕೆರಿಯಪ್ಪ ಹೇಳಿದ: "ಚೇತನಾಗೆ ಸಂಕ್ರಾಂತಿ ದಾಟಿದ ಮ್ಯಾಲೆ ಹೆರಿಗೆ ಅಕ್ಕೋರೆ. ಆ ಮಗೀಗೂ ಅಂಥದ್ದೇ ಒಂದು ಹಾಕ್ತಿದ್ಲು, ಉಳಿದ ಉಲ್ಲನ್ ನೀವೇ ಕೊಟ್ಟಿದ್ರಂತಲ್ಲ. ಅರ್ಧಕ್ಕೂ ಮೇಲೆ ಆಗಿತ್ತು. ದಾಸನಕೊಪ್ಪದಿಂದ ಬಂದವಳು ಕಾಲು ತೊಳೀಲಿಲ್ಲ, ಕೂತು ಎಲ್ಲಾ ಬಿಚ್ಚಿಬಿಟ್ಲು. ಯಾಕೆ ಅಂದ್ರೆ, ನಂಗೆ ಬರಾದಿಲ್ಲ ಅಂದ್ಲು."